ಹೆಪ್ಪು, ನೆರಳು, ಕೊಬ್ಬರಿ ಎಣ್ಣೆ: ಪುಟ್ಟ ಮಕ್ಕಳ ಚಳಿಗಾಲದ ವಿಜ್ಞಾನ ಶಿಬಿರವೊಂದರ ಪ್ರಕರಣ ಅಧ್ಯಯನ

ಬೇಸಿಗೆ ಶಿಬಿರ ನಡೆಸುವುದು ನಮ್ಮಲ್ಲಿ ಅನೇಕರಿಗೆ ಗೊತ್ತು. ಏಪ್ರಿಲ್ ಬಂತೆಂದರೆ ಸಣ್ಣ ಊರುಗಳಲ್ಲೂ ಚಿಣ್ಣರ ಶಿಬಿರಗಳು ಶುರುವಾಗುತ್ತವೆ. ಚಳಿಗಾಲದ ರಜೆಯಲ್ಲಿ ಶಿಬಿರ ಮಾಡುವವರು ಕಡಿಮೆ. ಅದರಲ್ಲೂ ಪುಟ್ಟ ಮಕ್ಕಳಿಗೆಂದೇ ವಿಜ್ಞಾನ ಶಿಬಿರ ಮಾಡುವವರು ಇನ್ನೂ ಕಡಿಮೆ. ಅಂಥ ಒಂದು ಶಿಬಿರದಲ್ಲಿ ನಾನು ದಾಖಲೆ ಬರೆಯುವ ಕೆಲಸಕ್ಕೆ ಇದ್ದೆ. ಅಲ್ಲಿ ನಡುವೆಯೇ ಇಡೀ ಯೋಜನೆ ಬದಲಾಯಿತು. ಯಾಕೆ ಬದಲಾಯಿತು, ಬದಲಾದ ಮೇಲೆ ಏನಾಯಿತು ಅನ್ನುವುದು ಇಂಥ ಕೆಲಸಕ್ಕೆ ಇಳಿಯುವ ಬೇರೆಯವರಿಗೂ ಉಪಯೋಗವಾಗಬಹುದು ಅಂತ ಬರೆಯುತ್ತಿದ್ದೇನೆ. ಊರಿನ ಹೆಸರು, ಗುಂಪಿನ ಹೆಸರು, ಮಕ್ಕಳ ಹೆಸರು ಯಾವುದನ್ನೂ ಹೇಳುವುದಿಲ್ಲ. ಕೆಲವು ಗುರುತುಗಳನ್ನು ಬೇಕೆಂದೇ ಬದಲಿಸಿದ್ದೇನೆ.

ಹಿನ್ನೆಲೆ

ಊರು ಒಂದು ತಾಲ್ಲೂಕು ಕೇಂದ್ರ. ಒಂದು ಕಡೆ ಮಲೆನಾಡು, ಇನ್ನೊಂದು ಕಡೆ ಬಯಲುಸೀಮೆ. ಡಿಸೆಂಬರ್ ಕೊನೆಯಲ್ಲಿ ಬೆಳಗಿನ ಚಳಿ ಚೆನ್ನಾಗಿಯೇ ಇರುತ್ತದೆ. ಸೂರ್ಯ ಮೇಲೆ ಬರುವವರೆಗೂ ಮಕ್ಕಳು ಸ್ವೆಟರ್ ಬಿಚ್ಚುವುದಿಲ್ಲ.

ಶಿಬಿರ ಕಟ್ಟಿದವರು ಹತ್ತಾರು ಪೋಷಕರು, ಇಬ್ಬರು ನಿವೃತ್ತ ವಿಜ್ಞಾನ ಶಿಕ್ಷಕಿಯರು ಮತ್ತು ಕೆಲವು ಕಾಲೇಜು ವಿದ್ಯಾರ್ಥಿಗಳು. ಡಿಸೆಂಬರ್ 24ರಿಂದ 30ರವರೆಗೆ, ಕ್ರಿಸ್‌ಮಸ್ ದಿನ ಬಿಟ್ಟು ಆರು ದಿನ. ಒಂದರಿಂದ ನಾಲ್ಕನೇ ತರಗತಿಯವರೆಗಿನ ಸುಮಾರು 30 ಮಕ್ಕಳು. ಹಳೆಯ ಸಭಾಂಗಣ ಒಂದು, ಅದರ ಮುಂದೆ ದೊಡ್ಡ ಅಂಗಳ. ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರೂವರೆ. ಊಟ ಸರಿಯಾಗಿ 12ಕ್ಕೆ. ಈ ಊಟದ ಸಮಯ ಮುಂದೆ ಮುಖ್ಯವಾಗುತ್ತದೆ.

ಒಂದು ತೊಡಕು ಮೊದಲೇ ಇತ್ತು. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಗೆ ನಡುವಿನ ದೊಡ್ಡ ರಜೆ ಅಂದರೆ ದಸರಾ. ಕ್ರಿಸ್‌ಮಸ್‌ಗೆ ಸಿಗುವುದು ಒಂದು ದಿನ. ವಾರದ ರಜೆ ಕೊಡುವುದು ಹೆಚ್ಚಾಗಿ ಕೆಲವು ಖಾಸಗಿ ಶಾಲೆಗಳು. ಹೀಗಾಗಿ ಶಿಬಿರಕ್ಕೆ ಬಂದವರು ಹೆಚ್ಚುಕಡಿಮೆ ಎಲ್ಲರೂ ಖಾಸಗಿ ಶಾಲೆಯ ಮಕ್ಕಳೇ. ಸಂಘಟಕರಿಗೆ ಇದು ಗೊತ್ತಿತ್ತು, ಬೇಸರವೂ ಇತ್ತು. ಆದರೆ ಸಭಾಂಗಣ ಸಿಕ್ಕಿದ್ದು ಆ ದಿನಗಳಿಗೆ ಮಾತ್ರ.

ಮೊದಲ ದಿನ

ಮೂಲ ಯೋಜನೆಯಲ್ಲಿ ಆರು ದಿನಕ್ಕೆ 22 ಪ್ರಯೋಗಗಳಿದ್ದವು. ಅಡುಗೆ ಸೋಡಾ ಮತ್ತು ವಿನೆಗರ್ ಸೇರಿಸಿ ಉಕ್ಕಿಸುವ ಜ್ವಾಲಾಮುಖಿ, ತಾನಾಗಿ ಉಬ್ಬುವ ಬಲೂನು, ಸ್ಲೈಮ್, ಸೋಡಾ ನೀರಿನಲ್ಲಿ ಕುಣಿಯುವ ಒಣದ್ರಾಕ್ಷಿ, ಬಾಚಣಿಗೆಗೆ ಹಾರಿ ಅಂಟುವ ಕಾಗದದ ಚೂರು. ಮಕ್ಕಳಿಗೆ ಬೇಜಾರಾಗಬಾರದು, ದಿನಕ್ಕೆ ಮೂರು ನಾಲ್ಕು ಹೊಸದು ಇರಲಿ ಅನ್ನುವುದು ಲೆಕ್ಕಾಚಾರ.

ಮೊದಲ ದಿನ ಗದ್ದಲವೋ ಗದ್ದಲ. ಮೇಜಿನ ಹಿಂದೆ ಕಾಲೇಜು ಹುಡುಗರು, ಮುಂದೆ ಮಕ್ಕಳು. ನೊರೆ ಉಕ್ಕಿದಾಗೆಲ್ಲ ಕೂಗು, ಚಪ್ಪಾಳೆ. ಸಂಜೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಫೋಟೋಗಳು, ಹೊಗಳಿಕೆ. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಚೆನ್ನಾಗಿಯೇ ಇತ್ತು.

ಮಕ್ಕಳು ಹೋದ ಮೇಲೆ ಒಬ್ಬ ಶಿಕ್ಷಕಿ ಅವರ ನೋಟ್‌ಬುಕ್‌ಗಳನ್ನು ಸಾಲಾಗಿ ನೆಲದ ಮೇಲೆ ಹರಡಿದರು. ಎಲ್ಲದರಲ್ಲೂ ಒಂದೇ ಚಿತ್ರ. ಬೋರ್ಡಿನ ಮೇಲೆ ಬರೆದಿದ್ದ ಜ್ವಾಲಾಮುಖಿಯನ್ನು ಮಕ್ಕಳು ನಕಲು ಮಾಡಿದ್ದರು. ಒಂದು ಪುಸ್ತಕದಲ್ಲೂ ಪ್ರಶ್ನೆ ಇರಲಿಲ್ಲ. ಹೆಚ್ಚಿನ ಮಕ್ಕಳ ಕೈಗೆ ಇಡೀ ದಿನ ಒಂದು ವಸ್ತುವೂ ಬಂದಿರಲಿಲ್ಲ. ನೋಡಿದ್ದರು ಅಷ್ಟೇ. ಹಿಂದಿನ ಸಾಲಿನ ಪುಟ್ಟವರು ಅದನ್ನೂ ಸರಿಯಾಗಿ ನೋಡಿರಲಿಲ್ಲ. ಮುಂದಿದ್ದ ಒಂದು ಮಗುವಿನ ಕಣ್ಣಿಗೆ ವಿನೆಗರ್ ಹನಿ ಸಿಡಿದಿತ್ತು. ತಕ್ಷಣ ನಲ್ಲಿಯ ಕೆಳಗೆ ಹಿಡಿದು ತುಂಬಾ ಹೊತ್ತು ತಣ್ಣೀರಿನಲ್ಲಿ ತೊಳೆದರು. ಏನೂ ಆಗಲಿಲ್ಲ. ಆದರೂ ಅದು ಎಲ್ಲರ ಮನಸ್ಸಿನಲ್ಲಿ ಕೂತಿತ್ತು.

ಆ ಸಂಜೆಯ ಮಾತುಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಾಲೇಜು ವಿದ್ಯಾರ್ಥಿಗಳ ವಾದ ನೇರವಾಗಿತ್ತು. ಮಕ್ಕಳು ಖುಷಿಯಾಗಿದ್ದಾರೆ. ಇದು ರಜೆ, ಶಾಲೆಯಲ್ಲ. ಮೊದಲು ವಿಜ್ಞಾನ ಇಷ್ಟವಾಗಲಿ, ಅರ್ಥ ಆಮೇಲೆ ಆಗುತ್ತದೆ. ಈ ವಾದವನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ. ಖುಷಿ ದೊಡ್ಡ ವಿಷಯವೇ. ಆದರೆ ಶಿಕ್ಷಕಿಯ ಪ್ರಶ್ನೆ ಬೇರೆ ಇತ್ತು. ಮಕ್ಕಳಿಗೆ ಖುಷಿ ಕೊಟ್ಟಿದ್ದು ಸದ್ದು ಮತ್ತು ನೊರೆ. ನಾಳೆ ಇದಕ್ಕಿಂತ ದೊಡ್ಡ ಸದ್ದು ಬೇಕಾಗುತ್ತದೆ, ನಾಡಿದ್ದು ಇನ್ನೂ ದೊಡ್ಡದು. ಆರನೇ ದಿನಕ್ಕೆ ನಾವು ಎಲ್ಲಿಗೆ ಹೋಗಿ ನಿಲ್ಲುತ್ತೇವೆ? ಮನೆಗೆ ಹೋದ ಮಗು ಇದರಲ್ಲಿ ಏನನ್ನು ತಾನೇ ಮತ್ತೆ ಮಾಡುತ್ತದೆ?

ಮಾರನೇ ದಿನ ಕ್ರಿಸ್‌ಮಸ್ ರಜೆ. ಆ ಒಂದು ದಿನದ ಬಿಡುವು ಸಿಗದೇ ಹೋಗಿದ್ದರೆ ಯೋಜನೆ ಬದಲಾಗುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಶಿಬಿರ ಶುರುವಾದ ಮೇಲೆ ನಿಂತು ಯೋಚಿಸಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಮೊದಲ ದಿನದ ನಂತರ ಬೇಕೆಂದೇ ಒಂದು ಖಾಲಿ ದಿನ ಇಟ್ಟುಕೊಳ್ಳಿ ಅಂತ ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಯೋಜನೆ ಬದಲಾದದ್ದು

ದಾರಿ ತೋರಿಸಿದ್ದು ಒಂದು ತೀರಾ ಸಾಮಾನ್ಯ ಸಂಗತಿ. ರಜೆಯ ದಿನ ಬೆಳಿಗ್ಗೆ ಇನ್ನೊಬ್ಬ ಶಿಕ್ಷಕಿ ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಹೋದರೆ ಡಬ್ಬಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಿತ್ತು. ಹಿಂದಿನ ರಾತ್ರಿ ಹಾಕಿದ್ದ ಹೆಪ್ಪು ಹಾಗೇ ಹಾಲಾಗಿಯೇ ಇತ್ತು. ಅವರು ಸಭೆಗೆ ಬಂದವರೇ ಹೇಳಿದ್ದು ಇಷ್ಟು: ಚಳಿಗಾಲದ ಶಿಬಿರ ಅಂತ ಹೆಸರಿಟ್ಟಿದ್ದೇವೆ, ಆದರೆ ನಮ್ಮ ಪಟ್ಟಿಯಲ್ಲಿ ಚಳಿಗಾಲವೇ ಇಲ್ಲ. ಆ 22 ಪ್ರಯೋಗಗಳನ್ನು ಮೇ ತಿಂಗಳಲ್ಲೂ ಮಾಡಬಹುದು, ಯಾವ ದೇಶದಲ್ಲಾದರೂ ಮಾಡಬಹುದು.

ಅಲ್ಲಿಂದ ಕೆಲಸ ಬೇಗ ಸಾಗಿತು. ಉಳಿದ ಐದು ದಿನಕ್ಕೆ ಏನನ್ನು ಆರಿಸಿಕೊಂಡರೂ ಮೂರು ಮಾತಿಗೆ ಒಪ್ಪಬೇಕು ಅಂತ ನಿರ್ಧರಿಸಿದರು. ಪ್ರತಿ ಮಗುವೂ ತನ್ನ ಕೈಯಾರೆ ಮಾಡಬೇಕು. ಒಂದೇ ದಿನದಲ್ಲಿ ಮುಗಿಯಬಾರದು. ಈ ಊರಿನ ಈ ಚಳಿಗೂ ಅದಕ್ಕೂ ಸಂಬಂಧ ಇರಬೇಕು. 22 ಪ್ರಯೋಗಗಳ ಜಾಗಕ್ಕೆ ಮೂರು ಬಂದವು: ಅಂಗಳದಲ್ಲಿ ಕೋಲಿನ ನೆರಳು, ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ, ಮನೆಯಲ್ಲಿ ಹೆಪ್ಪು. ಜೊತೆಗೆ ಒಂದು ಸಂಜೆ ಆಕಾಶ ನೋಡುವುದು. ಬೆಂಕಿ, ಸ್ಪಿರಿಟ್ ದೀಪ, ಸ್ಲೈಮ್‌ಗೆ ಬಳಸುವ ಬೊರಾಕ್ಸ್ ಎಲ್ಲವನ್ನೂ ಕೈಬಿಟ್ಟರು.

ಹಳೆಯ ಪಟ್ಟಿಯಿಂದ ಉಳಿದುಕೊಂಡಿದ್ದು ಅರಿಶಿನದ ಪ್ರಯೋಗ ಒಂದೇ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ, ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಅದು ಉಳಿದದ್ದಕ್ಕೆ ಕಾರಣ ಇದೆ. ಒಂದು ಮಗು ನೋಡಿದ ಕೂಡಲೇ “ಇದು ಆರತಿ ನೀರು” ಅಂದಿತು. ಮನೆಯಲ್ಲಿ ನೂರು ಸಲ ನೋಡಿದ್ದನ್ನು ಮಗು ಹೊಸದಾಗಿ ನೋಡುವ ಹೊತ್ತು ಅದು. ಮುಂದಿನ ಮೂರು ಕೆಲಸಗಳಿಗೂ ಅದೇ ದಾರಿಯಾಯಿತು.

ಕಾಲೇಜು ವಿದ್ಯಾರ್ಥಿಗಳಲ್ಲಿ ಇಬ್ಬರಿಗೆ ಇದು ಒಪ್ಪಿಗೆಯಾಗಲಿಲ್ಲ. ಮೂರೇ ವಿಷಯ ಇಟ್ಟುಕೊಂಡರೆ ಎರಡನೇ ದಿನಕ್ಕೇ ಮಕ್ಕಳು ಆಕಳಿಸುತ್ತಾರೆ ಅಂದರು. ಒಬ್ಬರು ಬಿಟ್ಟು ಹೋದರು. ಇನ್ನೊಬ್ಬರು ಉಳಿದರು. ನೆರಳಿನ ಕೆಲಸವನ್ನು ಕೊನೆಯವರೆಗೆ ಹೊತ್ತವರು ಅವರೇ.

ನೆರಳು, ಮತ್ತು ತಡವಾದ ಊಟ

ಅಂಗಳದಲ್ಲಿ ಒಂದು ಮೀಟರ್ ಎತ್ತರದ ನೇರವಾದ ಕೋಲುಗಳನ್ನು ನೆಟ್ಟರು. ಇಬ್ಬಿಬ್ಬರು ಮಕ್ಕಳ ಜೋಡಿ, ಒಬ್ಬರು ಚಿಕ್ಕವರು, ಒಬ್ಬರು ದೊಡ್ಡವರು. ಶುರುವಿನಲ್ಲಿ ದೊಡ್ಡವರು ಎಲ್ಲವನ್ನೂ ಕಿತ್ತುಕೊಂಡರು. ಆಗ ಒಂದು ನಿಯಮ ಬಂತು: ದಾರ ಚಿಕ್ಕವರ ಕೈಯಲ್ಲಿ, ಪೆನ್ಸಿಲ್ ದೊಡ್ಡವರ ಕೈಯಲ್ಲಿ. ಇಬ್ಬರೂ ಸೇರದೆ ಕೆಲಸ ಮುಗಿಯುವುದಿಲ್ಲ. ವಯಸ್ಸಿನ ಅಂತರದ ಸಮಸ್ಯೆ ಇಷ್ಟರಿಂದಲೇ ಬಹಳ ಮಟ್ಟಿಗೆ ಕರಗಿತು.

ದಾರ ಯಾಕೆ ಅಂದರೆ, ಒಂದನೇ ತರಗತಿಯ ಮಕ್ಕಳಿಗೆ ಸೆಂಟಿಮೀಟರ್ ಓದಲು ಬರುವುದಿಲ್ಲ. ಮೊದಲು ಗೇಣಿನಲ್ಲಿ ಅಳೆದರು. ಪ್ರತಿಯೊಬ್ಬರದೂ ಬೇರೆ ಬೇರೆ ಬಂತು, ಜಗಳವಾಯಿತು. ಆಮೇಲೆ ನೆರಳಿನ ಉದ್ದಕ್ಕೆ ಸರಿಯಾಗಿ ದಾರ ಕತ್ತರಿಸಿ, ಗಂಟೆಗೊಂದರಂತೆ ಒಂದು ಹಾಳೆಯ ಮೇಲಂಚಿಗೆ ಸಾಲಾಗಿ ಅಂಟಿಸಿದರು. ದಾರಗಳು ಕೆಳಗೆ ಇಳಿಬಿದ್ದವು. ಬೆಳಗಿನ ದಾರ ಉದ್ದ, ಮುಂದಿನದು ಗಿಡ್ಡ, ಅದರ ಮುಂದಿನದು ಇನ್ನೂ ಗಿಡ್ಡ. ಗ್ರಾಫ್ ಅನ್ನುವ ಮಾತನ್ನು ಯಾರೂ ಎತ್ತಲಿಲ್ಲ. ಆದರೆ ಗೋಡೆಯ ಮೇಲೆ ಇದ್ದದ್ದು ಗ್ರಾಫೇ, ಅಲ್ವಾ? ಅದನ್ನು ಓದಲು ಆರು ವರ್ಷದ ಮಗುವಿಗೂ ಕಷ್ಟವಾಗಲಿಲ್ಲ.

ಮೊದಲ ನಿಜವಾದ ತಿರುವು ಬಂದದ್ದು ಊಟದ ಹೊತ್ತಿಗೆ. ಮಧ್ಯಾಹ್ನ 12 ಗಂಟೆಗೆ ಸೂರ್ಯ ನೆತ್ತಿಯ ಮೇಲೆ ಇರುತ್ತಾನೆ, ನೆರಳು ಅತಿ ಗಿಡ್ಡ ಇರುತ್ತದೆ ಅಂತ ದೊಡ್ಡ ಮಕ್ಕಳು ಮೊದಲೇ ಹೇಳಿದ್ದರು. 12ಕ್ಕೆ ದಾರ ಕತ್ತರಿಸಿದರು, ಊಟದ ಗಂಟೆ ಹೊಡೆಯಿತು, ಎಲ್ಲರೂ ತಟ್ಟೆ ಹಿಡಿದು ಹೊರಟರು. ಒಬ್ಬಳು ಎರಡನೇ ತರಗತಿಯ ಹುಡುಗಿ ಮಾತ್ರ ಕೋಲಿನ ಹತ್ತಿರವೇ ಇದ್ದಳು. ಕರೆದರೆ ಬರಲಿಲ್ಲ. “ಇನ್ನೂ ಚಿಕ್ಕದಾಗ್ತಿದೆ” ಅಂದಳು.

ಆ ಕಾಲೇಜು ವಿದ್ಯಾರ್ಥಿಯ ಮುಂದೆ ಎರಡು ದಾರಿ ಇದ್ದವು. ಊಟ ಆದ ಮೇಲೆ ನೋಡೋಣ ಅನ್ನಬಹುದಿತ್ತು. ಅಡುಗೆಯವರು ಕಾಯುತ್ತಿದ್ದರು, ಅನ್ನ ಆರುತ್ತಿತ್ತು. ಅವರು ಅಡುಗೆಯವರ ಹತ್ತಿರ ಹೋಗಿ ಅರ್ಧ ಗಂಟೆ ಕೇಳಿಕೊಂಡು ಬಂದರು. ಮಕ್ಕಳನ್ನೆಲ್ಲ ವಾಪಸ್ ಕರೆದರು. ಐದೈದು ನಿಮಿಷಕ್ಕೆ ನೆಲದ ಮೇಲೆ ಸುಣ್ಣದ ಗುರುತು ಹಾಕಿದರು. ನೆರಳು 12 ಗಂಟೆ 10ಕ್ಕೂ ಗಿಡ್ಡವಾಗುತ್ತಿತ್ತು, 12:20ಕ್ಕೂ ಗಿಡ್ಡವಾಗುತ್ತಿತ್ತು. 12:25ರ ಆಸುಪಾಸಿನಲ್ಲಿ ನಿಂತು, ಆಮೇಲೆ ಮೆಲ್ಲಗೆ ಬೆಳೆಯಲು ಶುರುವಾಯಿತು. ಸೂರ್ಯ ನೆತ್ತಿಯ ಮೇಲೆಯೂ ಇರಲಿಲ್ಲ. ಅತಿ ಗಿಡ್ಡ ನೆರಳೇ ಸುಮಾರು ಮುಕ್ಕಾಲು ಮೀಟರ್ ಉದ್ದ ಇತ್ತು.

ದೊಡ್ಡವರಿಗೂ ಇದು ಹೊಸದು. ಊಟಕ್ಕೆ ಕೂತಾಗ ಅಡುಗೆಯವರೂ ಸೇರಿ ಎಲ್ಲರ ಬಾಯಲ್ಲೂ ಇದೇ ಮಾತು. ನಮ್ಮ ಗಡಿಯಾರಕ್ಕೂ ನಮ್ಮ ಸೂರ್ಯನಿಗೂ ಯಾಕೆ ಹೊಂದಾಣಿಕೆ ಇಲ್ಲ? ಕಾರಣ ಸರಳ. ಇಡೀ ದೇಶಕ್ಕೆ ಒಂದೇ ಗಡಿಯಾರ. ಅದು ಪೂರ್ವ ರೇಖಾಂಶ 82.5 ಡಿಗ್ರಿಗೆ ಹೊಂದಿಸಿದ್ದು. ಆ ಗೆರೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ಈ ಊರು ಇರುವುದು 76 ಡಿಗ್ರಿಯ ಹತ್ತಿರ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಆರೂವರೆ ಡಿಗ್ರಿಗೆ 26 ನಿಮಿಷ. ಡಿಸೆಂಬರ್ ಕೊನೆಯ ವಾರದಲ್ಲಿ ಈ ಲೆಕ್ಕ ಹೆಚ್ಚುಕಡಿಮೆ ಹಾಗೇ ಸರಿಹೊಂದುತ್ತದೆ. ವರ್ಷದ ಬೇರೆ ದಿನಗಳಲ್ಲಿ ಕಾಲು ಗಂಟೆಯವರೆಗೂ ಹಿಂದೆ ಮುಂದೆ ಆಗುವುದುಂಟು. ನೆರಳು ಅಷ್ಟು ಉದ್ದ ಇದ್ದದ್ದಕ್ಕೂ ಕಾರಣ ಚಳಿಗಾಲವೇ. ಡಿಸೆಂಬರ್ 21–22ರ ಸುತ್ತ ಸೂರ್ಯ ದಕ್ಷಿಣದ ಕಡೆ ಅತಿ ಹೆಚ್ಚು ಸರಿದಿರುತ್ತಾನೆ.

ಮಕ್ಕಳಿಗೆ ಇಷ್ಟೆಲ್ಲ ಹೇಳಲಿಲ್ಲ. ಒಂದು ಚೆಂಡು, ಒಂದು ಟಾರ್ಚು, ಚೆಂಡಿನ ಮೇಲೆ ಎರಡು ಬೊಟ್ಟು. ಒಂದು ಬೊಟ್ಟು ಪೂರ್ವದ ಊರು, ಇನ್ನೊಂದು ನಮ್ಮೂರು. ಚೆಂಡನ್ನು ತಿರುಗಿಸಿದಾಗ ಬೆಳಕು ಮೊದಲು ಅಲ್ಲಿಗೆ ಬಂತು, ಆಮೇಲೆ ಇಲ್ಲಿಗೆ. ಮೂರು, ನಾಲ್ಕನೇ ತರಗತಿಯವರಿಗೆ ಅಷ್ಟು ಸಾಕಾಯಿತು. ಅದಕ್ಕಿಂತ ಚಿಕ್ಕವರಲ್ಲಿ ಹೆಚ್ಚಿನವರಿಗೆ ಅರ್ಥವಾಗಲಿಲ್ಲ. ಅದನ್ನು ಯಾರೂ ಒತ್ತಾಯ ಮಾಡಲಿಲ್ಲ. ನೆರಳು 12ಕ್ಕೆ ನಿಲ್ಲುವುದಿಲ್ಲ ಅಂತ ಅವರು ಕಣ್ಣಾರೆ ನೋಡಿದ್ದರು, ಅಷ್ಟು ಅವರ ಜೊತೆ ಇರುತ್ತದೆ. ಮಾರನೇ ದಿನದಿಂದ ಊಟ 12:45ಕ್ಕೆ ಬದಲಾಯಿತು.

ಬಾಟಲಿಯಲ್ಲಿ ಬಿಳಿ ಉಂಡೆ

ಕೊಬ್ಬರಿ ಎಣ್ಣೆಯ ಕೆಲಸ ಸುಲಭ. ಪ್ರತಿ ಮಗುವಿಗೆ ಒಂದು ಪುಟ್ಟ ಪಾರದರ್ಶಕ ಬಾಟಲಿ, ಅದರಲ್ಲಿ ಅರ್ಧದಷ್ಟು ಎಣ್ಣೆ. ಸಂಜೆ ಎಣ್ಣೆಯ ಮಟ್ಟಕ್ಕೆ ಒಂದು ಗೆರೆ ಎಳೆದು ಅಂಗಳದ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಹೋಗುವುದು. ಬೆಳಿಗ್ಗೆ ಬಂದಾಗ ಎಲ್ಲವೂ ಬೆಳ್ಳಗೆ ಗಟ್ಟಿ. ಕೊಬ್ಬರಿ ಎಣ್ಣೆ ಸುಮಾರು 24–25 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ಆ ಊರಿನಲ್ಲಿ ಡಿಸೆಂಬರ್ ಬೆಳಗಿನ ಚಳಿ ಅದಕ್ಕಿಂತ ಎಷ್ಟೋ ಕೆಳಗೆ. ಬಿಸಿಲು ಏರಿದ ಹಾಗೆ ಕರಗುತ್ತದೆ. ಪಕ್ಕದಲ್ಲಿ ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆಯ ಬಾಟಲಿಗಳನ್ನೂ ಇಟ್ಟಿದ್ದರು. ಅವು ಗಟ್ಟಿಯಾಗಲಿಲ್ಲ.

ಇಲ್ಲಿ ನಡೆದದ್ದನ್ನು ಯಾರೂ ಯೋಜಿಸಿರಲಿಲ್ಲ. ಆ ಹೊತ್ತಿನವರೆಗೆ ಒಂದು ಮಾತೂ ಆಡದಿದ್ದ ಏಳು ವರ್ಷದ ಹುಡುಗನೊಬ್ಬ ಅರ್ಧ ಕರಗಿದ ಬಾಟಲಿಯನ್ನು ಎತ್ತಿ ಹಿಡಿದು, ಬಿಳಿ ಉಂಡೆ ಕೆಳಗೆ ಕೂತಿದೆ ಅಂದ. ಪಕ್ಕದಲ್ಲಿದ್ದ ಸ್ವಯಂಸೇವಕಿ ಸಾಂದ್ರತೆಯ ಬಗ್ಗೆ ಹೇಳಲು ಬಾಯಿ ತೆರೆದರು. ಶಿಕ್ಷಕಿ ಕಣ್ಣಿನಲ್ಲೇ ತಡೆದರು. ಹುಡುಗನಿಗೆ ಒಂದು ಪ್ರಶ್ನೆ ಮಾತ್ರ ಕೇಳಿದರು: ಐಸ್ ಕೂಡ ಹೀಗೇ ಮಾಡುತ್ತಾ?

ಅವನಿಗೆ ಗೊತ್ತಿರಲಿಲ್ಲ. ಉಳಿದವರು ಎರಡು ಪಕ್ಷವಾದರು. ಎದುರಿನ ಜ್ಯೂಸ್ ಅಂಗಡಿಯಿಂದ ಐಸ್ ತರಿಸಿ ನೀರಿಗೆ ಹಾಕಿದರು. ತೇಲಿತು. ಎಣ್ಣೆಯ ಗಟ್ಟಿ ಎಣ್ಣೆಯಲ್ಲಿ ಮುಳುಗುತ್ತದೆ, ನೀರಿನ ಗಟ್ಟಿ ನೀರಿನ ಮೇಲೆ ತೇಲುತ್ತದೆ. ಯಾಕೆ ಅಂತ ಹುಡುಕಲು ಮಕ್ಕಳ ಹತ್ತಿರವೇ ಒಂದು ಸುಳಿವು ಇತ್ತು. ಹಿಂದಿನ ಸಂಜೆ ಎಳೆದ ಗೆರೆ. ಗಟ್ಟಿಯಾದ ಎಣ್ಣೆ ಗೆರೆಯ ಕೆಳಗೆ ಇಳಿದು, ನಡುವೆ ಸ್ವಲ್ಪ ಕುಳಿ ಬಿದ್ದಿತ್ತು. ಅಂದರೆ ಎಣ್ಣೆ ಗಟ್ಟಿಯಾದಾಗ ಕುಗ್ಗುತ್ತದೆ. ನೀರನ್ನೂ ಹಾಗೇ ಗೆರೆ ಎಳೆದು ಜ್ಯೂಸ್ ಅಂಗಡಿಯ ಫ್ರೀಜರ್‌ನಲ್ಲಿ ಇಡಿಸಿದರು. ಪ್ಲಾಸ್ಟಿಕ್ ಬಾಟಲಿ, ಅರ್ಧ ಮಾತ್ರ ನೀರು. ಗಾಜಿನದಾದರೆ ಒಡೆಯಬಹುದು. ಮಾರನೇ ದಿನ ಐಸ್ ಗೆರೆಯ ಮೇಲಕ್ಕೆ ಬಂದಿತ್ತು. ಗಟ್ಟಿಯಾಗುವಾಗ ಕುಗ್ಗಿದ್ದು ಮುಳುಗುತ್ತದೆ, ಹಿಗ್ಗಿದ್ದು ತೇಲುತ್ತದೆ.

ಸಾಂದ್ರತೆ ಅನ್ನುವ ಮಾತನ್ನು ಆ ಶಿಬಿರದಲ್ಲಿ ಒಂದು ಸಲವೂ ಬಳಸಲಿಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ಶಿಬಿರದ ಅತ್ಯುತ್ತಮ ಕ್ಷಣ ಅದು. ಶಿಕ್ಷಕಿ ತಡೆಯದೇ ಹೋಗಿದ್ದರೆ ಆ ಹುಡುಗನಿಗೆ ಒಂದು ಉತ್ತರ ಸಿಗುತ್ತಿತ್ತು, ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಹೆಪ್ಪಿನ ಜಗಳ

ಮನೆಗೆ ಕೊಟ್ಟ ಕೆಲಸ ಹೀಗಿತ್ತು. ಎರಡು ಬಟ್ಟಲಿನಲ್ಲಿ ಕಾಸಿ ಆರಿಸಿದ ಉಗುರುಬೆಚ್ಚಗಿನ ಹಾಲು. ಎರಡಕ್ಕೂ ಹೆಪ್ಪು. ಒಂದನ್ನು ಅಕ್ಕಿ ಡಬ್ಬಿಯೊಳಗೆ ಅಥವಾ ಟವಲಿನಲ್ಲಿ ಸುತ್ತಿ ಇಡಬೇಕು. ಇನ್ನೊಂದನ್ನು ಕಿಟಕಿಯ ಹತ್ತಿರ. ಹಾಲು ಕಾಸುವುದು ದೊಡ್ಡವರ ಕೆಲಸ, ಉಳಿದದ್ದು ಮಗುವಿನದು. ಬೆಳಿಗ್ಗೆ ನೋಡಿದ್ದನ್ನು ಚಿತ್ರ ಬರೆದು ತರಬೇಕು.

ಬೆಚ್ಚಗಿದ್ದದ್ದು ಮೊಸರಾಗುತ್ತದೆ, ಕಿಟಕಿಯದು ಆಗುವುದಿಲ್ಲ ಅಂತ ಸಂಘಟಕರು ಎಣಿಸಿದ್ದರು. ಬಂದ ಚಿತ್ರಗಳು ಕಲಸುಮೇಲೋಗರ. ಕೆಲವರ ಮನೆಯಲ್ಲಿ ಎರಡೂ ಮೊಸರು. ಕೆಲವರಲ್ಲಿ ಎರಡೂ ಹಾಲೇ. ಒಂದು ಮನೆಯಲ್ಲಂತೂ ಕಿಟಕಿಯದು ಗಟ್ಟಿ, ಟವಲಿನದು ನೀರು ನೀರು.

ಇಲ್ಲಿ ಸಂಘಟಕರು ಒಂದು ಕಷ್ಟದ ನಿರ್ಧಾರ ಮಾಡಿದರು. ಪ್ರಯೋಗ ಕೆಟ್ಟಿತು ಅಂತ ಬದಿಗಿಡಲಿಲ್ಲ. ಸರಿಯಾದ ಉತ್ತರ ಇದು ಅಂತ ಬೋರ್ಡಿನ ಮೇಲೆ ಬರೆಯಲೂ ಇಲ್ಲ. ಎಲ್ಲ ಚಿತ್ರಗಳನ್ನೂ ಗೋಡೆಗೆ ಅಂಟಿಸಿ, ನಿಮ್ಮ ಮನೆಯಲ್ಲಿ ಹೇಗೆ ಮಾಡಿದಿರಿ ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಹೋದರು. ಆಗ ನಿಜವಾದ ವಿಜ್ಞಾನ ಶುರುವಾಯಿತು. ಒಬ್ಬರ ಅಜ್ಜಿ ಚಳಿಗಾಲ ಅಂತ ಹೆಪ್ಪು ಜಾಸ್ತಿ ಹಾಕಿದ್ದರು. ಒಬ್ಬರು ಹಾಲು ತುಂಬಾ ಬಿಸಿ ಇರುವಾಗಲೇ ಹಾಕಿದ್ದರು. ಇನ್ನೊಬ್ಬರು ತೊಟ್ಟಿರುವ ಹಸಿಮೆಣಸಿನಕಾಯಿಯನ್ನೂ ಹಾಲಿಗೆ ಹಾಕಿದ್ದರು, ಬೇಗ ಹೆಪ್ಪುಗಟ್ಟಲಿ ಅಂತ. ಆ ಉಲ್ಟಾ ಆದ ಮನೆಯಲ್ಲಿ ಕಿಟಕಿಯ ಕೆಳಗೇ ಒಲೆ ಇತ್ತು!

“ಅವಳದ್ದು ಲೆಕ್ಕಕ್ಕಿಲ್ಲ, ಅವಳ ಅಜ್ಜಿ ಜಾಸ್ತಿ ಹಾಕಿದ್ದಾರೆ” ಅಂತ ಒಬ್ಬ ಕೂಗಿದ. ಅವಳಿಗೆ ಕೋಪ ಬಂತು. ಎರಡು ಬಟ್ಟಲಿಗೂ ಅಷ್ಟೇ ಹಾಕಿದ್ದು, ಮತ್ತೆ ಯಾಕೆ ಲೆಕ್ಕಕ್ಕಿಲ್ಲ ಅಂದಳು. ಅವಳ ಮಾತು ಸರಿಯಾಗಿತ್ತು. ಅದು ಸರಿ ಅಂತ ಉಳಿದವರಿಗೆ ಹೊಳೆಯಲು ಒಂದಿಷ್ಟು ಹೊತ್ತು ಬೇಕಾಯಿತು. ಕೊನೆಗೆ ಮಕ್ಕಳೇ ನಿಯಮ ಮಾಡಿದರು: ಒಂದೇ ಹಾಲು, ಒಂದೇ ಚಮಚ ಹೆಪ್ಪು, ಹಾಲಿಗೆ ಬೆರಳು ಅದ್ದಿದರೆ ಸುಡಬಾರದು, ಜಾಗ ಮಾತ್ರ ಬೇರೆ. ಇದನ್ನೇ ಪ್ರೌಢಶಾಲೆಯಲ್ಲಿ ಒಂದು ಪಾಠವಾಗಿ ಓದಿಸುತ್ತಾರೆ. ಇಲ್ಲಿ ಅದು ಜಗಳದಿಂದ ಹುಟ್ಟಿತು.

ಎರಡನೇ ರಾತ್ರಿಯ ಫಲಿತಾಂಶ ತುಂಬಾ ಸ್ಪಷ್ಟವಾಗಿತ್ತು. ಹೆಚ್ಚಿನ ಮನೆಗಳಲ್ಲಿ ಬೆಚ್ಚಗಿನದು ಮೊಸರು, ತಣ್ಣಗಿನದು ಹಾಲು ಅಥವಾ ಅರ್ಧಂಬರ್ಧ. ಆಗ ಮಾತ್ರ ಶಿಕ್ಷಕಿ ಒಳಗಿನ ಕತೆ ಹೇಳಿದರು. ಹೆಪ್ಪಿನಲ್ಲಿ ಕಣ್ಣಿಗೆ ಕಾಣದ ಪುಟ್ಟ ಜೀವಿಗಳಿವೆ. ಅವು ಹಾಲಿನ ಸಕ್ಕರೆಯನ್ನು ತಿಂದು ಹುಳಿ ಮಾಡುತ್ತವೆ. ಆ ಹುಳಿಗೆ ಹಾಲಿನ ಪ್ರೋಟೀನು ಗಟ್ಟಿಯಾಗುತ್ತದೆ. 40 ಡಿಗ್ರಿಯ ಆಸುಪಾಸಿನ ಬೆಚ್ಚಗೆ ಅವು ಚುರುಕು. ಚಳಿಯಲ್ಲಿ ನಿಧಾನ. ಕುದಿಯುವ ಹಾಲಿಗೆ ಬಿದ್ದರೆ ಸಾಯುತ್ತವೆ. ದೋಸೆ ಹಿಟ್ಟು ಚಳಿಗಾಲದಲ್ಲಿ ಉಬ್ಬದಿರುವುದಕ್ಕೂ ಇದಕ್ಕೂ ನಂಟು ಇದೆ ಅಂತ ಒಬ್ಬ ಹುಡುಗಿ ತಾನಾಗಿ ಹೇಳಿದಳು.

ಶಿಬಿರವನ್ನು ಮನೆಯೊಳಗೆ ಒಯ್ದದ್ದು ಈ ಕೆಲಸವೇ. ಅಜ್ಜಿಯರು ಇದರಲ್ಲಿ ಪಾಲುದಾರರಾದರು. ಮೊಮ್ಮಗಳನ್ನು ಬಿಡಲು ಬಂದ ಒಬ್ಬ ಅಜ್ಜಿ ಅರ್ಧ ದಿನ ಅಲ್ಲೇ ಕೂತು, ಮಣ್ಣಿನ ಕುಡಿಕೆಯಲ್ಲಿ ಯಾಕೆ ಮೊಸರು ಗಟ್ಟಿಯಾಗುತ್ತದೆ ಅಂತ ವಾದ ಮಾಡಿದರು. ಕುಡಿಕೆ ನೀರನ್ನು ಹೀರುತ್ತದೆ, ಅದಕ್ಕೆ ಗಟ್ಟಿ ಅನ್ನುವುದು ಅವರ ವಿವರಣೆ. ಅದು ಸರಿಯಾದ ವಿವರಣೆಯೇ.

ಪೋಷಕರ ಅಸಮಾಧಾನ

ಎಲ್ಲರೂ ಒಪ್ಪಿದರು ಅಂತ ಬರೆದರೆ ಅದು ಸುಳ್ಳಾಗುತ್ತದೆ. ಮೂರನೇ ದಿನದ ಸಂಜೆ ಒಬ್ಬ ತಂದೆ ನೇರವಾಗಿ ಕೇಳಿದರು: ಮೊಸರು ಮಾಡುವುದನ್ನು ಕಲಿಸಲು ಫೀಸ್ ಕೊಡಬೇಕಾ? ವಾಟ್ಸಾಪ್ ಗುಂಪಿನಲ್ಲಿ ಫೋಟೋಗಳು ಕಡಿಮೆಯಾಗಿದ್ದವು. ಕೋಲು, ದಾರ, ಬಾಟಲಿ ಇವೆಲ್ಲ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ. ಇಬ್ಬರು ಮಕ್ಕಳು ನಡುವೆಯೇ ಬರುವುದು ನಿಲ್ಲಿಸಿದರು. ಒಬ್ಬ ತಾಯಿಗೆ ಕೊನೆಯ ದಿನದ ಮಾಡೆಲ್ ಪ್ರದರ್ಶನ ಇಲ್ಲ ಅನ್ನುವುದು ಬಹಳ ಬೇಸರ ತಂದಿತ್ತು. ಮಗುವಿಗೆ ವೇದಿಕೆ ಸಿಗಲಿ ಅನ್ನುವ ಆಸೆ ತಪ್ಪಲ್ಲ.

ಸಂಘಟಕರು ಕೊನೆಯ ದಿನವನ್ನು ಬೇರೆ ರೀತಿ ಮಾಡಿದರು. ಬಾಯಿಪಾಠದ ಭಾಷಣ ಬೇಡ, ಥರ್ಮೋಕೋಲ್ ಮಾಡೆಲ್ ಬೇಡ. ಪೋಷಕರೇ ಮಕ್ಕಳ ಜೊತೆ ಅಂಗಳದಲ್ಲಿ ನೆರಳು ಅಳೆಯಬೇಕು. ಅಳೆಯುವ ಮೊದಲು, ಅತಿ ಗಿಡ್ಡ ನೆರಳು ಎಷ್ಟು ಗಂಟೆಗೆ ಅಂತ ಚೀಟಿಯಲ್ಲಿ ಬರೆದು ಕೊಡಬೇಕು. ಬಹುತೇಕ ಎಲ್ಲ ಚೀಟಿಗಳಲ್ಲೂ 12 ಅಂತ ಇತ್ತು. ಮಕ್ಕಳು ನಗುತ್ತಾ ಕಾಯುತ್ತಿದ್ದರು. ಫೀಸಿನ ಬಗ್ಗೆ ಕೇಳಿದ್ದ ತಂದೆ 12:30ರವರೆಗೆ ಬಿಸಿಲಿನಲ್ಲಿ ನಿಂತಿದ್ದು, ಆಮೇಲೆ ಫೋನಿನಲ್ಲಿ ತಮ್ಮ ಊರಿನ ರೇಖಾಂಶ ಹುಡುಕುತ್ತಿದ್ದರು. ಅವರ ಅಭಿಪ್ರಾಯ ಪೂರ್ತಿ ಬದಲಾಯಿತಾ ಅಂತ ಹೇಳಲಾರೆ. ಮಾಡೆಲ್ ಕೇಳಿದ್ದ ತಾಯಿಗೆ ಸಮಾಧಾನ ಆಗಲಿಲ್ಲ.

ಏನು ಉಳಿಯಿತು, ಏನು ಆಗಲಿಲ್ಲ

ಕೊನೆಯ ದಿನವೂ ನೋಟ್‌ಬುಕ್‌ಗಳನ್ನು ನೆಲದ ಮೇಲೆ ಹರಡಿದರು. ಒಂದರ ಹಾಗೆ ಇನ್ನೊಂದು ಇರಲಿಲ್ಲ. ಬರಹ ಕಡಿಮೆ, ಕಾಗುಣಿತ ತಪ್ಪು, ಆದರೆ ಪ್ರಶ್ನೆಗಳಿದ್ದವು. ಕಡಲೆಕಾಯಿ ಎಣ್ಣೆ ಯಾಕೆ ಗಟ್ಟಿಯಾಗಲ್ಲ? ರಾತ್ರಿ ಚಂದ್ರನ ನೆರಳು ಇರುತ್ತಾ? ಹೆಪ್ಪಿಗೆ ಮೊದಲ ಹೆಪ್ಪು ಎಲ್ಲಿಂದ ಬಂತು? ಈ ಕೊನೆಯ ಪ್ರಶ್ನೆಗೆ ದೊಡ್ಡವರೇ ಒಂದು ಸಂಜೆ ಪೂರ್ತಿ ಚರ್ಚೆ ಮಾಡಿದರು.

ಎರಡನೇ ದಿನಕ್ಕೇ ಮಕ್ಕಳು ಆಕಳಿಸುತ್ತಾರೆ ಅನ್ನುವ ಭಯ ನಿಜವಾಗಲಿಲ್ಲ. ಬೇಜಾರು ಬಂದದ್ದು ನಿಜ, ನೆರಳಿಗೂ ನೆರಳಿಗೂ ನಡುವಿನ ಹೊತ್ತಿನಲ್ಲಿ. ಆಗ ಮಕ್ಕಳು ತೆಂಗಿನ ಗರಿಯ ಪೀಪಿ ಮಾಡಿ ಊದಿದರು, ಮರಳಿನಲ್ಲಿ ಆಡಿದರು. ಅದನ್ನು ತುಂಬಿಸಲು ಹೊಸ ಪ್ರಯೋಗ ತರಲಿಲ್ಲ. ಪುಟ್ಟ ಮಕ್ಕಳ ಶಿಬಿರದಲ್ಲಿ ಖಾಲಿ ಹೊತ್ತು ಇರಲೇಬೇಕು ಅಂತ ನಾನು ಈಗ ಬಲವಾಗಿ ನಂಬುತ್ತೇನೆ. ಎಣ್ಣೆಯ ಬಾಟಲಿಯನ್ನು ಆ ಹುಡುಗ ಎತ್ತಿ ನೋಡಿದ್ದು ಅಂಥ ಖಾಲಿ ಹೊತ್ತಿನಲ್ಲೇ.

ಸ್ವಯಂಸೇವಕರಿಗೆ ಈ ರೀತಿ ಹೆಚ್ಚು ದಣಿವು ಕೊಡುತ್ತದೆ. ಪ್ರಯೋಗ ತೋರಿಸುವುದು ಸುಲಭ. ಉತ್ತರ ಗೊತ್ತಿದ್ದೂ ಸುಮ್ನೆ ಇರುವುದು, ಮಗು ಹೇಳಿದ್ದನ್ನು ಪೂರ್ತಿ ಕೇಳುವುದು ಕಷ್ಟ. ಐದಾರು ಮಕ್ಕಳಿಗೆ ಒಬ್ಬರಾದರೂ ದೊಡ್ಡವರು ಇರದಿದ್ದರೆ ಇದನ್ನು ನಡೆಸಲು ಆಗುವುದಿಲ್ಲ. 30 ಮಕ್ಕಳಿಗೆ ಇಬ್ಬರೇ ಇದ್ದರೆ ಮೇಜಿನ ಹಿಂದೆ ನಿಂತು ತೋರಿಸುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಮೊದಲ ಯೋಜನೆ ಹಾಗೆ ಇದ್ದದ್ದಕ್ಕೆ ಅದೂ ಒಂದು ಕಾರಣ.

ಆಕಾಶ ನೋಡುವ ಸಂಜೆಯ ಬಗ್ಗೆಯೂ ಹೇಳಬೇಕು, ಯಾಕೆಂದರೆ ಮುಂದಿನ ನಿರ್ಧಾರ ಬಂದದ್ದು ಅಲ್ಲಿಂದ. ಅದಕ್ಕೆ ಫೀಸ್ ಇರಲಿಲ್ಲ, ಊರಿನ ಯಾರು ಬೇಕಾದರೂ ಬರಬಹುದಿತ್ತು. ಅಂಗಳದ ದೀಪ ಆರಿಸಿದರು. ಡಿಸೆಂಬರ್ ಕೊನೆಯಲ್ಲಿ ಏಳು ಗಂಟೆ ದಾಟುವ ಹೊತ್ತಿಗೆ ಪೂರ್ವದಲ್ಲಿ ಮಹಾವ್ಯಾಧ (ಓರಿಯನ್ ನಕ್ಷತ್ರಪುಂಜ) ಎದ್ದಿರುತ್ತಾನೆ. ಅವನ ಮೇಲೆ ರೋಹಿಣಿ, ಇನ್ನೂ ಮೇಲೆ ಕೃತ್ತಿಕೆಯ ಗೊಂಚಲು. ಎಂಟರ ಹೊತ್ತಿಗೆ ಕೆಳಗಿನಿಂದ ಲುಬ್ಧಕ (ಸಿರಿಯಸ್ ನಕ್ಷತ್ರ) ಹೊಳೆಯುತ್ತಾ ಬರುತ್ತದೆ. ದೂರದರ್ಶಕ ಇರಲಿಲ್ಲ. ಕೃತ್ತಿಕೆಯಲ್ಲಿ ಎಷ್ಟು ಚುಕ್ಕಿ ಕಾಣುತ್ತವೆ ಅಂತ ಎಣಿಸುವುದು ಕೆಲಸ. ಐದು, ಆರು, ಏಳು ಅಂತ ಪೈಪೋಟಿ ನಡೆಯಿತು.

ಅವತ್ತು ಹತ್ತಿರದ ಸರ್ಕಾರಿ ಶಾಲೆಯ ಮಕ್ಕಳು ಬಂದರು. ಹೊಲದ ಕಡೆಯ ಮನೆಗಳಿಂದ ಬಂದ ಅವರಲ್ಲಿ ಕೆಲವರಿಗೆ ಚುಕ್ಕಿಗಳು ಚೆನ್ನಾಗಿ ಗೊತ್ತಿದ್ದವು. ಶಿಬಿರದ ಮಕ್ಕಳಿಗೆ ಕೃತ್ತಿಕೆಯನ್ನು ಬೆರಳು ಮಾಡಿ ತೋರಿಸಿದವರು ಅವರೇ. ಹಗಲಿನಲ್ಲಿ ಏನು ಮಾಡುತ್ತೀರಿ, ನಾವೂ ಬರಬಹುದಾ ಅಂತ ಕೇಳಿದರು. ಹಗಲಿನಲ್ಲಿ ಅವರಿಗೆ ಶಾಲೆ.

ಅದಕ್ಕೇ ಸಂಘಟಕರು ಮುಂದಿನ ಸಲಕ್ಕೆ ಆರು ದಿನದ ಶಿಬಿರವನ್ನೇ ಕೈಬಿಟ್ಟಿದ್ದಾರೆ. ಶನಿವಾರ ಸರ್ಕಾರಿ ಶಾಲೆ ಅರ್ಧ ದಿನ. ಡಿಸೆಂಬರ್ ಮೊದಲ ವಾರದಿಂದ ಸಂಕ್ರಾಂತಿಯವರೆಗೆ ಪ್ರತಿ ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಸೇರುವುದು ಅಂತ ಮಾತಾಗಿದೆ. ನೆರಳಿಗೂ ಅದು ಒಳ್ಳೆಯದು. ಒಂದು ವಾರದಲ್ಲಿ ನಡುಹಗಲಿನ ನೆರಳಿನ ಉದ್ದ ಹೆಚ್ಚೇನೂ ಬದಲಾಗುವುದಿಲ್ಲ. ಆರೇಳು ವಾರ ಅಳೆದರೆ ಅದು ಬೆಳೆದು ನಿಂತು ಮತ್ತೆ ಇಳಿಯುವುದು ದಾರದಲ್ಲೇ ಕಾಣುತ್ತದೆ. ಫೀಸ್ ತೆಗೆದರೆ ಖರ್ಚಿಗೆ ಏನು ಮಾಡುವುದು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಆದರೆ ದಾರ, ಕೋಲು, ಎಣ್ಣೆ, ಬಾಟಲಿ ಎಲ್ಲ ಸೇರಿಸಿದರೂ ಮೊದಲ ದಿನ ತಂದಿದ್ದ ಕಿಟ್‌ಗಳ ಖರ್ಚಿಗಿಂತ ಬಹಳ ಕಡಿಮೆ. ಸಭಾಂಗಣ ಬೇಕಿಲ್ಲ, ಶಾಲೆಯ ಅಂಗಳ ಸಾಕು. ಒಬ್ಬ ಮುಖ್ಯ ಶಿಕ್ಷಕರು ಕೊಡಲು ಒಪ್ಪಿದ್ದಾರೆ.